ಫಾರ್ಮ್ಯಾಟ್ ಹೊಡೆದ್ರೆ ಏನು ಬದಲಾಗತ್ತೆ, ಏನು ಹಂಗೇ ಉಳಿಯತ್ತೆ

ವಿಂಡೋಸ್ ಇನ್‌ಸ್ಟಾಲೇಶನ್ ಮೊದಲನೇ ಸಲ 41 ಪರ್ಸೆಂಟ್‌ಗೆ ನಿಂತ್ಕೊಳ್ತು. ಎರಡನೇ ಸಲ 67ರ ತನಕ ಹೋಗಿ ಯಾವ್ದೋ ಫೈಲ್ ಕಾಪಿ ಮಾಡೋಕಾಗ್ಲಿಲ್ಲ ಅಂತ ಮೆಸೇಜ್ ಕೊಡ್ತು. ಮೂರನೇ ಸಲ ಪೂರ್ತಿ ಮುಗಿದು, ಹೆಸರು ಪಾಸ್‌ವರ್ಡ್ ಎಲ್ಲಾ ಹಾಕಿ, ಇನ್ನೇನು ಡೆಸ್ಕ್‌ಟಾಪ್ ಬಂತು ಅನ್ನೋ ಹೊತ್ತಿಗೆ ಬ್ಲೂ ಸ್ಕ್ರೀನ್, ಅಂದ್ರೆ ವಿಂಡೋಸ್ ಕುಸಿದುಬಿದ್ದಾಗ ಬರೋ ನೀಲಿ ಪರದೆ. ಫ್ರೆಂಡ್ ಒಬ್ಬನ ಡೆಸ್ಕ್‌ಟಾಪ್ ಅದು, ಎರಡು ತಿಂಗಳಿಂದ ದಿನಕ್ಕೊಂದು ಥರ ಆಡ್ತಿತ್ತು, ಒಂದಿನ ಬ್ರೌಸರ್ ತಾನಾಗೇ ಮುಚ್ಕೊಳ್ಳೋದು, ಇನ್ನೊಂದಿನ ಝಿಪ್ ಫೈಲ್ ಬಿಚ್ಚೋಕೆ ಹೋದ್ರೆ ಕರಪ್ಟ್ ಅನ್ನೋದು, ಅದೇ ಫೈಲನ್ನ ಮತ್ತೆ ಬಿಚ್ಚಿದ್ರೆ ಸರಿಯಾಗಿ ಬರೋದು. ನೋಡಿದೋರೆಲ್ಲ "ಫಾರ್ಮ್ಯಾಟ್ ಹೊಡೆದು ಓಎಸ್ ಹೊಸದಾಗಿ ಹಾಕ್ಬಿಡಿ, ಸರಿಹೋಗತ್ತೆ" ಅಂದಿದ್ರು (ಓಎಸ್ ಅಂದ್ರೆ ಆಪರೇಟಿಂಗ್ ಸಿಸ್ಟಮ್, ಇಲ್ಲಿ ವಿಂಡೋಸ್), ನಾನೂ ಅದನ್ನೇ ಮಾಡೋಕೆ ಕೂತಿದ್ದೆ. ಅದೇ ಪೆನ್ ಡ್ರೈವ್, ಅದೇ ಡಿಸ್ಕ್, ಮಾಡಿದ್ದೂ ಅದೇ, ಆದ್ರೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಕೈ ಕೊಡ್ತಿದೆ. ಸಾಫ್ಟ್‌ವೇರ್ ತಪ್ಪು ಸಾಮಾನ್ಯವಾಗಿ ಹಂಗೆ ಜಾಗ ಬದಲಾಯಿಸಲ್ಲ. ಕವರ್ ಬಿಚ್ಚಿ, ನಡೀತಿರೋ ಕೆಲಸದ ಡೇಟಾನ ತಾತ್ಕಾಲಿಕವಾಗಿ ಇಟ್ಕೊಳ್ಳೋ ಎರಡು ರ‍್ಯಾಮ್ ಸ್ಟಿಕ್‌ನಲ್ಲಿ ಒಂದನ್ನ ಕಿತ್ತಿಟ್ಟೆ, ನಾಲ್ಕನೇ ಸಲ ಒಂದೇ ಏಟಿಗೆ ಇನ್‌ಸ್ಟಾಲ್ ಆಯ್ತು.

ಫಾರ್ಮ್ಯಾಟ್ ಮಾಡಿ ಅನ್ನೋ ಸಲಹೆ ತಪ್ಪು ಅಂತ ನಾನು ಹೇಳ್ತಿಲ್ಲ, ಎಷ್ಟೋ ಸಲ ಅದೊಂದೇ ದಾರಿ ಉಳಿದಿರತ್ತೆ. ಆದ್ರೆ ಅದು ಏನು ಮಾಡತ್ತೆ ಅಂತ ಸ್ಪಷ್ಟವಾಗಿ ಗೊತ್ತಿರ್ಬೇಕು. ರೀಇನ್‌ಸ್ಟಾಲ್ ಅನ್ನೋದು ರಿಪೇರಿ ಅಲ್ಲ. ತೊಂದರೆ ಎಲ್ಲಿದೆ ಅಂತ ಅದು ಹುಡುಕೋದೇ ಇಲ್ಲ. ಇಷ್ಟು ವರ್ಷ ಡಿಸ್ಕ್ ಮೇಲೆ ಸೇರ್ಕೊಂಡಿರೋ ಸಿಸ್ಟಮ್ ಫೈಲ್, ಸೆಟ್ಟಿಂಗು, ಡ್ರೈವರು (ಹಾರ್ಡ್‌ವೇರ್ ಜೊತೆ ಓಎಸ್ ಮಾತಾಡೋಕೆ ಬೇಕಾದ ಸಾಫ್ಟ್‌ವೇರ್) ಎಲ್ಲಾನೂ ಒಟ್ಟಿಗೆ ಎತ್ತಿ ಬಿಸಾಕಿ, ಕಂಪನಿಯಿಂದ ಬಂದ ಮೊದಲ ದಿನದ ಪ್ರತಿಯನ್ನ ತಂದಿಡತ್ತೆ ಅಷ್ಟೇ. ಬಿಸಾಕಿದ್ದರ ಒಳಗೆ ತೊಂದರೆ ಇದ್ರೆ ಅದೂ ಜೊತೆಗೇ ಹೋಯ್ತು. ಅದರ ಹೊರಗೆ ಇದ್ರೆ ಅರ್ಧ ದಿನ ಹಾಳು ಮಾಡ್ಕೊಂಡು ಮತ್ತೆ ಅಲ್ಲಿಗೇ ಬಂದು ನಿಲ್ತೀರ.

ಮೊದಲು ಈ ವಿಚಿತ್ರ ವರ್ತನೆ ಎಲ್ಲಿಂದ ಹುಟ್ಟತ್ತೆ ನೋಡೋಣ. ಓಎಸ್ ಅನ್ನೋದು ಒಂದು ಪ್ರೋಗ್ರಾಮ್ ಅಲ್ಲ, ಲಕ್ಷಗಟ್ಟಲೆ ಫೈಲ್‌ಗಳು ಒಂದನ್ನೊಂದು ನಂಬ್ಕೊಂಡು ನಡಿಯೋ ವ್ಯವಸ್ಥೆ. ನೀವು ಒಂದು ಸಾಫ್ಟ್‌ವೇರ್ ಹಾಕಿದ್ರೆ ಅದು ತನ್ನ ಫೋಲ್ಡರ್‌ನಲ್ಲಿ ಮಾತ್ರ ಕೂರಲ್ಲ. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ (ಸೆಟ್ಟಿಂಗ್ ಎಲ್ಲಾ ಬರೆದಿಡೋ ಜಾಗ) ನೂರಾರು ಕಡೆ ತನ್ನ ಹೆಸರು ಬರೆಯತ್ತೆ, ಕಂಪ್ಯೂಟರ್ ಆನ್ ಆದ ಕೂಡ್ಲೆ ತಾನೂ ಏಳೋ ಹಂಗೆ ಸರ್ವಿಸ್ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮ್) ಒಂದನ್ನ ಇಡತ್ತೆ, ರೈಟ್ ಕ್ಲಿಕ್ ಮೆನುವಿನಲ್ಲಿ ಒಂದು ಸಾಲು ಸೇರಿಸತ್ತೆ, ಆ್ಯಂಟಿವೈರಸ್ ಥರದ್ದಾದ್ರೆ ಪ್ರತಿ ಫೈಲ್ ತೆರೆಯುವಾಗಲೂ ಮಧ್ಯದಲ್ಲಿ ನಿಂತು ನೋಡೋ ಡ್ರೈವರ್ ಒಂದನ್ನ ಕೂರಿಸತ್ತೆ. ಅನ್‌ಇನ್‌ಸ್ಟಾಲ್ ಮಾಡಿದಾಗ ಇದೆಲ್ಲಾ ಪೂರ್ತಿ ಹೋಗತ್ತೆ ಅಂತ ಗ್ಯಾರಂಟಿ ಇಲ್ಲ. ಇದರ ಜೊತೆಗೆ ಅಪ್‌ಡೇಟ್ ನಡೀತಿರುವಾಗ ಕರೆಂಟ್ ಹೋಗಿ ಅರ್ಧ ಹೊಸ ಫೈಲ್ ಅರ್ಧ ಹಳೇ ಫೈಲ್ ಉಳಿಯೋದು, ಬೇರೆ ಮಾಡೆಲ್‌ನ ಡ್ರೈವರ್ ಹಾಕಿರೋದು, ಸಿಸ್ಟಮ್ ಫಾಸ್ಟ್ ಮಾಡ್ತೀನಿ ಅಂತ ಬಂದ ಕ್ಲೀನರ್ ಸಾಫ್ಟ್‌ವೇರ್ ರಿಜಿಸ್ಟ್ರಿಯಲ್ಲಿ ಬೇಕಾದ್ದನ್ನೂ ಅಳಿಸಿರೋದು. (ರಿಜಿಸ್ಟ್ರಿ ಕ್ಲೀನರ್‌ಗಳಿಂದ ಉಪಯೋಗ ಆಗಿದ್ದನ್ನ ನಾನಂತೂ ನೋಡಿಲ್ಲ, ಹಾಳಾಗಿದ್ದನ್ನ ತುಂಬಾ ನೋಡಿದೀನಿ.) ಒಂದೊಂದೂ ಸಣ್ಣದೇ, ಎಲ್ಲಾ ಸೇರಿದಾಗ ಕಾರಣ ಹುಡುಕೋದು ಕಷ್ಟ.

ಕೆಲವರು ವಿಂಡೋಸ್ ತಾನಾಗೇ ಹಳೇದಾಗತ್ತೆ, ಆರು ತಿಂಗಳಿಗೊಂದು ಸಲ ಫಾರ್ಮ್ಯಾಟ್ ಮಾಡ್ಲೇಬೇಕು ಅಂತಾರೆ. ಹಂಗೇನಿಲ್ಲ. ಫೈಲ್‌ಗಳಿಗೆ ಸವೆತ ಇಲ್ಲ. ಮೇಲೆ ಏನೂ ಪೇರಿಸದೇ ಇದ್ರೆ ಅದೇ ಇನ್‌ಸ್ಟಾಲೇಶನ್ ವರ್ಷಗಟ್ಟಲೆ ಚೆನ್ನಾಗಿ ನಡಿಯತ್ತೆ.

ಈಗ ಕಂಪ್ಯೂಟರನ್ನ ಮೂರು ಪದರ ಅಂತ ಅಂದ್ಕೊಳ್ಳಿ. ಕೆಳಗಡೆ ಹಾರ್ಡ್‌ವೇರ್, ಅಂದ್ರೆ ರ‍್ಯಾಮ್, ಡಿಸ್ಕ್, ಫ್ಯಾನ್, ಪವರ್ ಸಪ್ಲೈ, ಮದರ್‌ಬೋರ್ಡ್, ಅದರ ಒಳಗೇ ಇರೋ ಬಯೋಸ್ (ಆನ್ ಮಾಡಿದ ಕೂಡ್ಲೆ ಮೊದಲು ಓಡೋ ಸಣ್ಣ ಸಾಫ್ಟ್‌ವೇರ್). ಮಧ್ಯದಲ್ಲಿ ಓಎಸ್ ಮತ್ತು ಅದರ ಡ್ರೈವರ್‌ಗಳು. ಮೇಲ್ಗಡೆ ನಿಮ್ಮ ಅಕೌಂಟು, ನಿಮ್ಮ ಸೆಟ್ಟಿಂಗು, ನಿಮ್ಮ ಫೈಲುಗಳು. ಫಾರ್ಮ್ಯಾಟ್ ಮಾಡಿದ್ರೆ ನಿಜವಾಗಿ ಹೊಸದಾಗೋದು ಮಧ್ಯದ ಪದರ ಮಾತ್ರ. ಕೆಳಗಿನದನ್ನ ಅದು ಮುಟ್ಟೋದೇ ಇಲ್ಲ. ಮೇಲಿನದನ್ನ ಅಳಿಸತ್ತೆ ಸರಿ, ಆದ್ರೆ ನಾವೇ ಬ್ಯಾಕಪ್‌ನಿಂದ ಎಲ್ಲಾ ವಾಪಸ್ ಹಾಕ್ತೀವಲ್ಲ, ತೊಂದರೆ ಅಲ್ಲಿದ್ರೆ ಅದನ್ನೂ ಕೈಯಾರೆ ವಾಪಸ್ ತಂದಂಗಾಯ್ತು. ಬ್ರೌಸರ್‌ನಲ್ಲಿ ಬೇಡದ ಜಾಹೀರಾತು ಬರ್ತಿದೆ ಅಂತ ಪೂರ್ತಿ ಸಿಸ್ಟಮ್ ಫಾರ್ಮ್ಯಾಟ್ ಮಾಡಿ, ಬ್ರೌಸರ್‌ಗೆ ಲಾಗಿನ್ ಆದ ಎರಡು ನಿಮಿಷಕ್ಕೆ ಮತ್ತೆ ಅದೇ ಜಾಹೀರಾತು ಬಂದಿದ್ದನ್ನ ನೋಡಿದೀನಿ. ಸಿಂಕ್ ಆನ್ ಇದ್ದಿದ್ರಿಂದ ಕೆಟ್ಟ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸೋ ಸಣ್ಣ ಪ್ರೋಗ್ರಾಮ್) ಕೂಡ ಅಕೌಂಟ್ ಜೊತೆ ವಾಪಸ್ ಬಂದಿತ್ತು. ಅಲ್ಲಿ ಬೇಕಾಗಿದ್ದಿದ್ದು ಎಕ್ಸ್‌ಟೆನ್ಶನ್ ತೆಗೆಯೋ ಒಂದೇ ಒಂದು ಕ್ಲಿಕ್ಕು. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡಂಗೆ, ಮೂಗು ಹೋಯ್ತು, ನೆಗಡಿ ಉಳೀತು.

ಹಂಗಾಗಿ ಪೆನ್ ಡ್ರೈವ್ ಕೈಗೆ ತಗೊಳ್ಳೋ ಮುಂಚೆ ತೊಂದರೆ ಯಾವ ಪದರದಲ್ಲಿದೆ ಅಂತ ನೋಡ್ಬೇಕು. ಇದಕ್ಕೆ ದೊಡ್ಡ ಜ್ಞಾನ ಏನೂ ಬೇಡ.

ಮೊದಲನೇದು ರೀಸ್ಟಾರ್ಟ್. ಹೌದು, ಎಲ್ಲರೂ ಹೇಳೋದೇ, ಆದ್ರೆ ಇದರಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಸೆಟ್ಟಿಂಗ್ ಬಂದಿದೆ, ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಅದು ಆನ್ ಆಗೇ ಇರತ್ತೆ. ಅದು ಆನ್ ಇದ್ದಾಗ ಶಟ್‌ಡೌನ್ ಒತ್ತಿದ್ರೆ ಓಎಸ್‌ನ ಒಳಭಾಗ ನಿಜವಾಗಿ ಮುಚ್ಚಲ್ಲ, ಆ ಕ್ಷಣದ ಸ್ಥಿತಿನೇ ಡಿಸ್ಕ್‌ಗೆ ಬರೆದಿಟ್ಟು ಮಲಗತ್ತೆ, ಬೆಳಿಗ್ಗೆ ಆನ್ ಮಾಡಿದಾಗ ಅದನ್ನೇ ಎಬ್ಬಿಸತ್ತೆ. ಗೊಂದಲ ಆಗಿರೋ ಡ್ರೈವರ್ ಅದೇ ಗೊಂದಲದ ಸಮೇತ ಏಳತ್ತೆ. ರೀಸ್ಟಾರ್ಟ್ ಒತ್ತಿದ್ರೆ ಮಾತ್ರ ಎಲ್ಲಾ ಮೊದಲಿಂದ ಶುರು. ನಿಮ್ಮದು ಹೆಂಗಿದೆ ಅಂತ ನೋಡ್ಬೇಕಂದ್ರೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಮೇಲೆ ಒತ್ತಿ, ಕೆಳಗಡೆ ಅಪ್ ಟೈಮ್ ಅಂತ ಇರತ್ತೆ. ದಿನಾ ರಾತ್ರಿ ಶಟ್‌ಡೌನ್ ಮಾಡ್ತೀನಿ ಅನ್ನೋರ ಸಿಸ್ಟಮ್‌ನಲ್ಲೂ ಅಲ್ಲಿ 20 ದಿನ, 30 ದಿನ ಅಂತ ತೋರಿಸೋದುಂಟು. ಪ್ರಿಂಟರ್ ಸಿಗ್ತಿಲ್ಲ, ಬ್ಲೂಟೂತ್ ಮಾಯ ಆಯ್ತು, ಸೌಂಡ್ ಬರ್ತಿಲ್ಲ ಅನ್ನೋ ಥರದ್ದು ಎಷ್ಟೋ ಇಲ್ಲೇ ಮುಗಿಯತ್ತೆ.

ಎರಡನೇದು, ಹೊಸ ಯೂಸರ್ ಅಕೌಂಟ್ ಒಂದನ್ನ ಮಾಡಿ ಅದರಲ್ಲಿ ಲಾಗಿನ್ ಆಗಿ ನೋಡೋದು. ಐದು ನಿಮಿಷದ ಕೆಲಸ. ಅಲ್ಲಿ ಎಲ್ಲಾ ಸರಿ ನಡೀತಿದ್ರೆ ತೊಂದರೆ ಮೇಲಿನ ಪದರದಲ್ಲಿದೆ, ನಿಮ್ಮ ಪ್ರೊಫೈಲ್‌ನಲ್ಲಿ ಏನೋ ಕೆಟ್ಟಿದೆ. ಸ್ಟಾರ್ಟ್ ಮೆನು ತೆರೆಯದೇ ಇರೋದು, ಟಾಸ್ಕ್‌ಬಾರ್ ಮಾಯ ಆಗೋದು ಇದೆಲ್ಲ ಆಗಾಗ ಹಿಂಗೇ ಬರತ್ತೆ. ಫೈಲ್‌ಗಳನ್ನ ಹೊಸ ಅಕೌಂಟ್‌ಗೆ ಸಾಗಿಸ್ಕೊಂಡ್ರೆ ಆಯ್ತು, ಓಎಸ್ ಮುಟ್ಟೋ ಅಗತ್ಯ ಇಲ್ಲ.

ಆಮೇಲೆ ಸೇಫ್ ಮೋಡ್. ಇದರಲ್ಲಿ ಓಎಸ್ ತೀರಾ ಬೇಕಾದ ಡ್ರೈವರ್‌ಗಳನ್ನ ಮಾತ್ರ ಹಿಡ್ಕೊಂಡು ಏಳತ್ತೆ. ಸೇಫ್ ಮೋಡ್‌ನಲ್ಲಿ ಸರಿ ಇದ್ದು ಮಾಮೂಲಿ ಮೋಡ್‌ನಲ್ಲಿ ಕೆಡ್ತಿದ್ರೆ ಅಪರಾಧಿ ನೀವು ಹಾಕಿರೋ ಯಾವುದೋ ಸಾಫ್ಟ್‌ವೇರ್ ಅಥವಾ ಡ್ರೈವರ್ ಅಂತ ಬಹುಮಟ್ಟಿಗೆ ಹೇಳ್ಬಹುದು. ಇದು ಎಷ್ಟು ಮುಖ್ಯ ಅಂತ 2024ರ ಜುಲೈ 19ರಂದು ಜಗತ್ತಿಗೇ ಗೊತ್ತಾಯ್ತು. ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರ್‌ನ ಒಂದು ತಪ್ಪು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಬ್ಲೂ ಸ್ಕ್ರೀನ್ ತೋರಿಸಿ ಬಿದ್ವು, ವಿಮಾನ, ಬ್ಯಾಂಕು, ಆಸ್ಪತ್ರೆ ಎಲ್ಲಾ ಕಡೆ ಕೆಲಸ ನಿಂತುಹೋಯ್ತು. ನೋಡೋಕೆ ಇಡೀ ಓಎಸ್ ಸತ್ತುಹೋದಂಗೇ ಇತ್ತು. ಆದ್ರೆ ಪರಿಹಾರ ಏನಾಗಿತ್ತು ಅಂದ್ರೆ ಸೇಫ್ ಮೋಡ್‌ಗೆ ಹೋಗಿ ಒಂದು ಫೋಲ್ಡರ್‌ನಲ್ಲಿದ್ದ ಒಂದು ಫೈಲ್ ಅಳಿಸಿ ರೀಸ್ಟಾರ್ಟ್ ಮಾಡೋದು. ಅಂಥಾ ದಿನ ಗಾಬರಿಯಲ್ಲಿ ಫಾರ್ಮ್ಯಾಟ್ ಹೊಡೆದಿದ್ರೆ ಸುಮ್ನೆ ಡೇಟಾ ಕಳ್ಕೊಂಡಂಗೆ.

ಯಾವ ಸಾಫ್ಟ್‌ವೇರ್ ಅಂತ ಗೊತ್ತಾಗ್ದಿದ್ರೆ ಅರ್ಧ ಅರ್ಧ ಮಾಡೋ ವಿಧಾನ ಇದೆ, ನನಗೆ ತುಂಬಾ ಇಷ್ಟ ಇದು. ವಿಂಡೋಸ್‌ನ ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ಮೈಕ್ರೋಸಾಫ್ಟ್‌ನ ಸ್ವಂತ ಸರ್ವಿಸ್‌ಗಳನ್ನ ಮರೆಮಾಡೋ ಟಿಕ್ ಹಾಕಿ, ಉಳಿದಿದ್ದು 16 ಇದೆ ಅಂದ್ಕೊಳ್ಳಿ, 8 ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ತೊಂದರೆ ಹೋದ್ರೆ ಆ 8ರಲ್ಲಿದೆ, ಹೋಗದಿದ್ರೆ ಬೇರೆ 8ರಲ್ಲಿದೆ. ಮತ್ತೆ 4, ಮತ್ತೆ 2, ಮತ್ತೆ 1. ನಾಲ್ಕೇ ರೀಸ್ಟಾರ್ಟ್‌ಗೆ 16ರಲ್ಲಿ ಒಬ್ಬ ಸಿಕ್ಕಿಹಾಕ್ಕೊಳ್ತಾನೆ.

ಇನ್ನು ಕೆಳಗಿನ ಪದರ. ಹಾರ್ಡ್‌ವೇರ್ ತೊಂದರೆನ ಸಾಫ್ಟ್‌ವೇರ್ ತೊಂದರೆಯಿಂದ ಬೇರೆ ಮಾಡೋಕೆ ನನಗೆ ಗೊತ್ತಿರೋ ಒಳ್ಳೇ ಉಪಾಯ ಅಂದ್ರೆ ಲೈವ್ ಲಿನಕ್ಸ್, ಅಂದ್ರೆ ಡಿಸ್ಕ್‌ಗೆ ಹಾಕದೇ ಪೆನ್ ಡ್ರೈವ್‌ನಿಂದಲೇ ಓಡೋ ಬೇರೆ ಓಎಸ್. ಉಬುಂಟು ಅಥವಾ ಲಿನಕ್ಸ್ ಮಿಂಟ್‌ನ ಪೆನ್ ಡ್ರೈವ್‌ಗೆ ಹಾಕ್ಕೊಂಡು ಅದರಿಂದಲೇ ಬೂಟ್ ಮಾಡಿ (ಕಂಪ್ಯೂಟರ್ ಶುರು ಮಾಡಿ), ಇನ್‌ಸ್ಟಾಲ್ ಮಾಡೋದು ಬೇಡ, ಟ್ರೈ ಅನ್ನೋದು ಬಂದ್ರೆ ಅದನ್ನ ಒತ್ತಿ. ಈಗ ನಿಮ್ಮ ಡಿಸ್ಕ್‌ನಲ್ಲಿರೋ ವಿಂಡೋಸ್ ನಿದ್ದೆ ಮಾಡ್ತಿದೆ, ಅದೇ ಹಾರ್ಡ್‌ವೇರ್ ಮೇಲೆ ಬೇರೆಯದೇ ಓಎಸ್ ಓಡ್ತಿದೆ. ಒಂದೆರಡು ಗಂಟೆ ವಿಡಿಯೋ ನೋಡಿ, ನೆಟ್ ಬಳಸಿ. ಇಲ್ಲೂ ಹ್ಯಾಂಗ್ ಆಗ್ತಿದೆ, ಸ್ಕ್ರೀನ್ ಮಿನುಗ್ತಿದೆ, ವೈಫೈ ಕಡಿತಿದೆ ಅಂದ್ರೆ ವಿಂಡೋಸ್ ಹತ್ತು ಸಲ ಹಾಕಿದ್ರೂ ಹೋಗಲ್ಲ. ಇಲ್ಲಿ ಎಲ್ಲಾ ಚೆನ್ನಾಗಿದೆ ಅಂದ್ರೆ ರೀಇನ್‌ಸ್ಟಾಲ್‌ನಿಂದ ಸರಿಹೋಗೋ ಸಾಧ್ಯತೆ ಜಾಸ್ತಿ. ಒಂದು ಮಾತು, ಲೈವ್‌ನಲ್ಲಿ ಡಿಸ್ಕ್ ಹೆಚ್ಚು ಕೆಲಸ ಮಾಡಲ್ಲ, ಹಂಗಾಗಿ ಡಿಸ್ಕ್‌ನ ಬೇರೆಯಾಗಿ ನೋಡ್ಲೇಬೇಕು.

ಡಿಸ್ಕ್‌ಗೆ ಸ್ಮಾರ್ಟ್ ಅನ್ನೋ ಸ್ವಂತ ಆರೋಗ್ಯದ ದಾಖಲೆ ಇರತ್ತೆ, ಅದನ್ನ ಓದೋಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಥರದ ಉಚಿತ ಟೂಲ್‌ಗಳಿವೆ. ಹಾರ್ಡ್ ಡಿಸ್ಕ್ ಆದ್ರೆ ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಅನ್ನೋ ಸಾಲುಗಳ ಸಂಖ್ಯೆ ಏರ್ತಾ ಇದ್ರೆ ಡಿಸ್ಕ್ ಸಾಯ್ತಿದೆ ಅಂತ ಅರ್ಥ. ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆಗೋ ತಪ್ಪು) ಮಾತ್ರ ಏರ್ತಿದ್ರೆ ಡಿಸ್ಕ್ ಅಲ್ಲ, ಕೇಬಲ್ ಸರಿಯಿಲ್ಲದೇ ಇರೋದೇ ಹೆಚ್ಚು. ದಯವಿಟ್ಟು ಇದೊಂದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಸಾಯ್ತಿರೋ ಡಿಸ್ಕ್ ಮೇಲೆ ಫಾರ್ಮ್ಯಾಟ್ ಮಾಡೋದಾಗ್ಲಿ, ಗಂಟೆಗಟ್ಟಲೆ ಸ್ಕ್ಯಾನ್ ಓಡಿಸೋದಾಗ್ಲಿ ಮಾಡಬೇಡಿ, ಮೊದಲು ಬೇಕಾದ ಫೈಲ್ ಎಲ್ಲಾ ಹೊರಗೆ ತಗೀರಿ. ಪ್ರತಿ ಗಂಟೆಯೂ ಅದರ ಆಯಸ್ಸಿನಿಂದಲೇ ಕಳೆಯತ್ತೆ.

ರ‍್ಯಾಮ್‌ಗೆ ಮೆಮ್‌ಟೆಸ್ಟ್86 ಅನ್ನೋ ಪರೀಕ್ಷೆಯ ಟೂಲನ್ನ ರಾತ್ರಿಯಿಡೀ ಓಡಿಸಿಡಿ, ಬೆಳಿಗ್ಗೆ ಒಂದೇ ಒಂದು ಎರರ್ ಇದ್ರೂ ಸುಮ್ನೆ ಬಿಡೋ ಹಂಗಿಲ್ಲ. ಬ್ಲೂ ಸ್ಕ್ರೀನ್ ಬಂದಾಗ ಕೆಳಗೆ ಬರೋ ಕೋಡ್‌ನ ಫೋನ್‌ನಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಪ್ರತಿ ಸಲ ಅದೇ ಕೋಡ್, ಅದೇ ಡ್ರೈವರ್ ಫೈಲ್ ಹೆಸರು ಬರ್ತಿದ್ರೆ ಆ ಡ್ರೈವರ್ ಮೇಲೆ ಕಣ್ಣಿಡಿ, ಪ್ರತಿ ಸಲ ಬೇರೆ ಬೇರೆ ಬರ್ತಿದ್ರೆ ರ‍್ಯಾಮ್ ಮೇಲೆ. ಗೇಮ್ ಆಡುವಾಗ ಅಥವಾ ವಿಡಿಯೋ ಎಡಿಟ್ ಮಾಡುವಾಗ ಮಾತ್ರ ನಿಧಾನ ಆಗ್ತಿದ್ರೆ ಬಿಸಿ ನೋಡಿ, 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋದ್ರೆ ಪ್ರೊಸೆಸರ್ ತನ್ನನ್ನ ಉಳಿಸ್ಕೊಳ್ಳೋಕೆ ತಾನೇ ವೇಗ ಇಳಿಸತ್ತೆ, ಅದಕ್ಕೆ ಬೇಕಾಗಿರೋದು ಫ್ಯಾನ್‌ನ ಧೂಳು ತೆಗೆಯೋದು. ಆನ್ ಮಾಡಿದಾಗೆಲ್ಲ ದಿನಾಂಕ ಹಿಂದಕ್ಕೆ ಹೋಗಿರತ್ತೆ, ವೆಬ್‌ಸೈಟ್‌ಗಳು ಸರ್ಟಿಫಿಕೇಟ್ ಸರಿಯಿಲ್ಲ ಅಂತಾವೆ ಅಂದ್ರೆ ಮದರ್‌ಬೋರ್ಡ್ ಮೇಲಿರೋ ನಾಣ್ಯದಾಕಾರದ 3 ವೋಲ್ಟ್ ಸೆಲ್ ಮುಗಿದಿದೆ. ಅದನ್ನೂ ವೈರಸ್ ಅಂತ ಅಂದ್ಕೊಂಡು ಫಾರ್ಮ್ಯಾಟ್ ಮಾಡೋರಿದಾರೆ, ಪಾಪ, ಅವರ ತಪ್ಪಲ್ಲ, ಯಾರೂ ಹೇಳಿಕೊಟ್ಟಿರಲ್ಲ.

ಇಷ್ಟೆಲ್ಲಾ ನೋಡಿ ತೊಂದರೆ ಮಧ್ಯದ ಪದರದಲ್ಲೇ ಇದೆ ಅಂತ ಖಚಿತ ಆಯ್ತು ಅಂದ್ಕೊಳ್ಳಿ. ಆಗ್ಲೂ ನೇರವಾಗಿ ಪೂರ್ತಿ ಅಳಿಸೋಕೆ ಹೋಗ್ಬೇಡಿ, ಮಧ್ಯೆ ಎರಡು ಮೂರು ಮೆಟ್ಟಿಲಿದೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಓಡಿಸೋದು. ಎರಡೂ ವಿಂಡೋಸ್ ಜೊತೆಗೇ ಬರೋ ರಿಪೇರಿ ಕಮಾಂಡ್‌ಗಳು. ಕ್ರಮ ಮುಖ್ಯ. ವಿಂಡೋಸ್ ತನ್ನ ಸಿಸ್ಟಮ್ ಫೈಲ್‌ಗಳ ಮೂಲ ಪ್ರತಿಗಳನ್ನ ಡಿಸ್ಕ್‌ನಲ್ಲೇ ಒಂದು ಕಡೆ ಸಂಗ್ರಹ ಮಾಡಿಟ್ಟಿರತ್ತೆ, ಎಸ್‌ಎಫ್‌ಸಿ ಹಾಳಾದ ಫೈಲ್‌ಗೆ ಬದಲು ತರೋದು ಆ ಸಂಗ್ರಹದಿಂದ. ಸಂಗ್ರಹನೇ ಹಾಳಾಗಿದ್ರೆ ಅಲ್ಲಿಂದ ಬರೋದೂ ಹಾಳೇ, ಅದಕ್ಕೆ ಮೊದಲು ಡಿಸ್ಮ್‌ನಿಂದ ಸಂಗ್ರಹನ ಸರಿ ಮಾಡ್ಕೊಳ್ಳೋದು, ಅದು ಬೇಕಾದ್ದನ್ನ ವಿಂಡೋಸ್ ಅಪ್‌ಡೇಟ್‌ನಿಂದ ತರಿಸ್ಕೊಳ್ಳತ್ತೆ.

ಮುಂದಿನ ಮೆಟ್ಟಿಲು ನನ್ನ ಪ್ರಕಾರ ಜನ ತೀರಾ ಕಮ್ಮಿ ಬಳಸೋ, ಆದ್ರೆ ತುಂಬಾ ಬೆಲೆಬಾಳೋ ದಾರಿ. ನಡೀತಿರೋ ವಿಂಡೋಸ್ ಒಳಗಿಂದಲೇ ಅದೇ ವರ್ಶನ್‌ನ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಮಾಡೋಕೆ ಬೇಕಾದ್ದೆಲ್ಲ ಒಂದೇ ಕಡೆ ಇರೋ ಫೈಲ್) ತೆರೆದು ಸೆಟಪ್ ಓಡಿಸಿ, ಫೈಲು ಮತ್ತು ಆ್ಯಪ್ ಎರಡನ್ನೂ ಇಟ್ಕೋ ಅನ್ನೋದನ್ನ ಆರಿಸೋದು. ಇನ್‌ಪ್ಲೇಸ್ ರಿಪೇರಿ ಅಂತಾರೆ ಇದಕ್ಕೆ. ಓಎಸ್‌ನ ಎಲ್ಲಾ ಫೈಲ್‌ಗಳೂ ಹೊಸದಾಗತ್ತೆ, ನೀವು ಹಾಕಿದ ಸಾಫ್ಟ್‌ವೇರ್, ಡಾಕ್ಯುಮೆಂಟ್, ವಾಲ್‌ಪೇಪರ್ ಕೂಡ ಹಂಗೇ ಇರತ್ತೆ. ಭಾಷೆ ಮತ್ತು ಎಡಿಶನ್ (ಹೋಮ್, ಪ್ರೋ ಥರದ್ದು) ಹೊಂದ್ಬೇಕು, ಐಎಸ್‌ಒ ಈಗಿರೋದಕ್ಕಿಂತ ಹಳೇದಾಗಿರಬಾರ್ದು, ಇಲ್ಲಾಂದ್ರೆ ಆ್ಯಪ್ ಇಟ್ಕೊಳ್ಳೋ ಆಯ್ಕೆ ಬರಲ್ಲ. ಅಪ್‌ಡೇಟ್ ಪದೇ ಪದೇ ಫೇಲ್ ಆಗೋ ಕಾಯಿಲೆಗೆ ಇದು ರಾಮಬಾಣ. ಹೊಸ ವಿಂಡೋಸ್ 11ರಲ್ಲಿ ಇದನ್ನೇ ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ಒಂದು ಬಟನ್ ಆಗಿ ಕೊಟ್ಟಿದಾರೆ. ಆದ್ರೆ ತೊಂದರೆ ನೀವು ಹಾಕಿದ ಯಾವುದೋ ಸಾಫ್ಟ್‌ವೇರ್‌ನಲ್ಲೇ ಇದ್ರೆ ಅದೂ ಉಳ್ಕೊಳ್ಳತ್ತೆ ಅನ್ನೋದು ನಿಮಗೀಗ ಗೊತ್ತು.

ಅದರ ಮೇಲಿನದ್ದು ‘ರೀಸೆಟ್ ದಿಸ್ ಪಿಸಿ’. ಕೀಪ್ ಮೈ ಫೈಲ್ಸ್ ಅಂತ ಕೊಟ್ರೆ ನಿಮ್ಮ ಫೈಲ್ ಉಳಿಯತ್ತೆ, ಸಾಫ್ಟ್‌ವೇರ್‌ಗಳೆಲ್ಲ ಹೋಗತ್ತೆ, ಏನೇನು ಹೋಯ್ತು ಅಂತ ಡೆಸ್ಕ್‌ಟಾಪ್ ಮೇಲೆ ಒಂದು ಪಟ್ಟಿ ಇಡತ್ತೆ. ಇಲ್ಲಿ ಲೋಕಲ್ ಮತ್ತು ಕ್ಲೌಡ್ ಅಂತ ಎರಡು ಆಯ್ಕೆ ಕೇಳತ್ತೆ. ಲೋಕಲ್ ಅಂದ್ರೆ ಡಿಸ್ಕ್‌ನಲ್ಲಿರೋ ಫೈಲ್‌ಗಳಿಂದಲೇ ಕಟ್ಟೋದು, ಅವೇ ಹಾಳಾಗಿರೋ ಅನುಮಾನ ಇದ್ರೆ ಕ್ಲೌಡ್ ಕೊಡಿ, 4 ಜಿಬಿ ಆಸುಪಾಸು ಡೌನ್‌ಲೋಡ್ ಆಗತ್ತೆ, ಆದ್ರೆ ಹೊಸ ಪ್ರತಿ ಸಿಗತ್ತೆ.

ಪೂರ್ತಿ ಕ್ಲೀನ್ ಇನ್‌ಸ್ಟಾಲ್ ಕೊನೇದು. ಮಾಲ್‌ವೇರ್ (ವೈರಸ್ ಥರದ ಕೆಟ್ಟ ಸಾಫ್ಟ್‌ವೇರ್) ಹೊಕ್ಕಿದ್ರೆ ಮಾತ್ರ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರವಾಗಿ ಇದಕ್ಕೇ ಬನ್ನಿ, ಯಾಕಂದ್ರೆ ಅದು ಏನೇನು ಮುಟ್ಟಿದೆ ಅಂತ ಪೂರ್ತಿ ತಿಳಿಯೋಕಾಗಲ್ಲ. ಪೆನ್ ಡ್ರೈವ್ ಬೇರೆ ಕಂಪ್ಯೂಟರ್‌ನಲ್ಲಿ ಮಾಡ್ಕೊಳ್ಳಿ, ಪಾಸ್‌ವರ್ಡ್‌ಗಳನ್ನೂ ಬೇರೆ ಕಡೆಯಿಂದ ಬದಲಾಯಿಸಿ. ಇದಕ್ಕೂ ಮಿತಿ ಇದೆ, 2018ರಲ್ಲಿ ಈಸೆಟ್ ಅನ್ನೋ ಸೆಕ್ಯುರಿಟಿ ಕಂಪನಿಯ ಸಂಶೋಧಕರು ಲೋಜ್ಯಾಕ್ಸ್ ಅನ್ನೋ ಮಾಲ್‌ವೇರ್ ಪತ್ತೆ ಮಾಡಿದ್ರು, ಅದು ಮದರ್‌ಬೋರ್ಡ್‌ನ ಚಿಪ್ ಒಳಗೇ ಅಡಗಿದ್ರಿಂದ ಡಿಸ್ಕನ್ನೇ ಬದಲಾಯಿಸಿದ್ರೂ ಹೋಗ್ತಿರ್ಲಿಲ್ಲ. ಸಾಮಾನ್ಯ ಬಳಕೆದಾರರಿಗೆ ಇದು ಬರೋದು ತೀರಾ ಅಪರೂಪ, ಹೆದರ್ಕೊಳ್ಳಬೇಕಿಲ್ಲ, ಆದ್ರೆ ಕೆಳಗಿನ ಪದರ ಬೇರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ.

ಬ್ಯಾಕಪ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಜನ ಅಳೋದು ಇಲ್ಲೇ. ಸಿ ಡ್ರೈವ್ ಅಳಿಸಿದ್ರೆ ಡಿ ಡ್ರೈವ್ ಉಳಿಯತ್ತಲ್ಲ ಅಂತ ನಂಬ್ಕೊಂಡು ಕೂತಿರ್ತೀವಿ, ಆದ್ರೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮೂರೂ ಇರೋದು ಸಿ ಡ್ರೈವ್‌ನಲ್ಲೇ. ಅದಲ್ಲದೇ ಕಣ್ಣಿಗೆ ಕಾಣದ ಜಾಗಗಳಿವೆ, ಬ್ರೌಸರ್‌ನ ಬುಕ್‌ಮಾರ್ಕು ಪಾಸ್‌ವರ್ಡು, ಔಟ್‌ಲುಕ್‌ನ ಮೇಲ್ ಫೈಲ್, ಲೆಕ್ಕದ ಸಾಫ್ಟ್‌ವೇರ್ ತನ್ನ ಡೇಟಾನ ತನ್ನದೇ ಫೋಲ್ಡರ್‌ನಲ್ಲಿ ಇಟ್ಕೊಂಡಿರೋದು, ಸ್ಟಿಕ್ಕಿ ನೋಟ್ಸ್‌ನಲ್ಲಿ ಬರೆದ ನೋಟ್ಸು, ಗೇಮ್‌ನ ಸೇವ್. ಯೂನಿಕೋಡ್ ಅಲ್ಲದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳಿದ್ರೆ ಆ ಫಾಂಟ್ ಫೈಲನ್ನೂ ಎತ್ತಿಡಿ, ಇಲ್ಲಾಂದ್ರೆ ಡಾಕ್ಯುಮೆಂಟ್ ಉಳಿದೂ ಅಕ್ಷರ ಬರಲ್ಲ, ಬರೀ ಗೀಚು ಕಾಣತ್ತೆ. ಒನ್‌ಡ್ರೈವ್‌ನಲ್ಲಿ ಇದೆ ಅಂದ್ಕೊಂಡಿರೋದನ್ನ ವೆಬ್‌ನಲ್ಲಿ ಲಾಗಿನ್ ಆಗಿ ಒಂದ್ಸಲ ಕಣ್ಣಾರೆ ನೋಡಿ, ಸಿಂಕ್ ಎಷ್ಟೋ ತಿಂಗಳ ಹಿಂದೆನೇ ನಿಂತಿರ್ಬಹುದು. ಬ್ಯಾಕಪ್ ಮಾಡಿದ ಡಿಸ್ಕ್‌ನ ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕೈದು ಫೈಲ್ ತೆರೆದು ನೋಡಿ, ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಇನ್ನೊಂದು, ಬಿಟ್‌ಲಾಕರ್, ಅಂದ್ರೆ ಕೀ ಇಲ್ಲದೇ ಓದೋಕಾಗದ ಹಂಗೆ ಡಿಸ್ಕನ್ನ ಎನ್‌ಕ್ರಿಪ್ಟ್ ಮಾಡೋ ವಿಂಡೋಸ್‌ನ ವ್ಯವಸ್ಥೆ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದೇ ಇದ್ರೂ ಡಿಸ್ಕ್ ಎನ್‌ಕ್ರಿಪ್ಟ್ ಆಗಿರತ್ತೆ. ಬಯೋಸ್ ಸೆಟ್ಟಿಂಗ್ ಬದಲಾಯಿಸಿದಾಗ ಅಥವಾ ಡಿಸ್ಕ್ ಕಿತ್ತು ಬೇರೆ ಕಡೆ ಹಾಕಿದಾಗ 48 ಅಂಕಿಯ ರಿಕವರಿ ಕೀ ಕೇಳತ್ತೆ, ಅದಿಲ್ಲ ಅಂದ್ರೆ ಡೇಟಾ ಎದುರಿಗಿದ್ರೂ ಸಿಗಲ್ಲ, ಯಾರ ಕೈಲೂ ಆಗಲ್ಲ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರತ್ತೆ, ಕೆಲಸ ಶುರು ಮಾಡೋ ಮುಂಚೆನೇ ನೋಡಿ ಕಾಗದದ ಮೇಲೆ ಬರ್ಕೊಳ್ಳಿ.

ಸಾಧ್ಯ ಇದ್ರೆ ಹಳೇ ಡಿಸ್ಕ್ ಅಳಿಸೋದೇ ಬೇಡ. ಅದನ್ನ ಬಿಚ್ಚಿ ಪಕ್ಕಕ್ಕಿಟ್ಟು ಬೇರೊಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಮೇಲೆ ಹೊಸದಾಗಿ ಹಾಕಿ. ಫ್ರೆಂಡ್‌ನ ಡೆಸ್ಕ್‌ಟಾಪ್‌ಗೂ ಹಂಗೇ ಮಾಡಿದ್ದೆ, ಮೂರು ಸಲ ಫೇಲ್ ಆದ ಇನ್‌ಸ್ಟಾಲೇಶನ್ ಎಲ್ಲಾ ನಡೆದಿದ್ದು ಖಾಲಿ ಎಸ್‌ಎಸ್‌ಡಿ ಮೇಲೆ, ಅವನ ಡಿಸ್ಕ್ ಮೇಜಿನ ಮೇಲೆ ಆರಾಮಾಗಿತ್ತು.

ಇನ್‌ಸ್ಟಾಲ್ ಮಾಡೋದು ಈಗ ಕಷ್ಟ ಏನಲ್ಲ. 8 ಜಿಬಿ ಅಥವಾ ಜಾಸ್ತಿ ಇರೋ ಪೆನ್ ಡ್ರೈವ್, ಮೈಕ್ರೋಸಾಫ್ಟ್‌ನವರದ್ದೇ ಮೀಡಿಯಾ ಕ್ರಿಯೇಶನ್ ಟೂಲ್, ಆನ್ ಮಾಡ್ತಾ ಎಫ್ 12 ಅಥವಾ ಎಫ್ 9 ಅಥವಾ ಎಸ್ಕೇಪ್ ಒತ್ತಿ ಬೂಟ್ ಮೆನು. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮತ್ತೆ ಅದನ್ನೇ ಹಾಕೋ ಮುಂಚೆ ಯೋಚಿಸಿ. ಲೈಸೆನ್ಸ್ ಕೀ ಕೇಳಿದ್ರೆ ಗಾಬರಿ ಬೇಡ, ಆ ಕಂಪ್ಯೂಟರ್‌ನಲ್ಲಿ ಮುಂಚೆ ಆ್ಯಕ್ಟಿವೇಟ್ ಆಗಿದ್ರೆ ನನ್ನ ಹತ್ರ ಕೀ ಇಲ್ಲ ಅನ್ನೋದನ್ನ ಒತ್ತಿ, ಹೋಮ್ ಇದ್ರೆ ಹೋಮ್, ಪ್ರೋ ಇದ್ರೆ ಪ್ರೋ, ಅದೇ ಎಡಿಶನ್ ಆರಿಸಿದ್ರೆ ನೆಟ್‌ಗೆ ಬಂದ್ಮೇಲೆ ಹಾರ್ಡ್‌ವೇರ್ ಗುರುತು ಹಿಡಿದು ತಾನೇ ಆ್ಯಕ್ಟಿವೇಟ್ ಆಗತ್ತೆ. ಡಿಸ್ಕೇ ಕಾಣಿಸ್ತಿಲ್ಲ ಅಂದ್ರೆ ಡಿಸ್ಕ್ ಹೋಯ್ತು ಅಂತ ಅಲ್ಲ, ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಡ್ರೈವರ್ ಪ್ರತ್ಯೇಕವಾಗಿ ಕೊಡ್ಬೇಕಾಗತ್ತೆ, ಅದನ್ನೂ ವೈಫೈ ಡ್ರೈವರನ್ನೂ ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದ ಮೊದಲೇ ಇಳಿಸಿ ಪೆನ್ ಡ್ರೈವ್‌ಗೆ ಹಾಕಿಟ್ಕೊಳ್ಳಿ. ನಿಧಾನ ಮಾಡ್ಬೇಕಾದ ಒಂದೇ ಜಾಗ ಪಾರ್ಟಿಶನ್ (ಡಿಸ್ಕ್‌ನ ಭಾಗಗಳು) ತೋರಿಸೋ ಸ್ಕ್ರೀನ್. ಅಲ್ಲಿ ಡಿಲೀಟ್ ಒತ್ತಿದ್ರೆ ವಾಪಸ್ ಇಲ್ಲ. ಬೇರೆ ಡಿಸ್ಕ್‌ಗಳಿದ್ರೆ ಮುಂಚೆನೇ ಕೇಬಲ್ ಕಿತ್ತಿಟ್ರೆ ತಪ್ಪು ಡಿಸ್ಕ್ ಅಳಿಸೋ ಭಯನೇ ಇರಲ್ಲ. ಪಾರ್ಟಿಶನ್ ಫಾರ್ಮ್ಯಾಟ್ ಮಾಡದೇ ಮೇಲೆ ಹಾಕಿದ್ರೆ ಹಳೇದೆಲ್ಲ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರ್‌ಗೆ ಹೋಗತ್ತೆ, ಆದ್ರೆ ಸಾಮಾನ್ಯವಾಗಿ 10 ದಿನಕ್ಕೆ ಅದು ತಾನೇ ಅಳಿಸಿಹೋಗತ್ತೆ, ಅದನ್ನ ಬ್ಯಾಕಪ್ ಅಂತ ನಂಬಬೇಡಿ.

ಮ್ಯಾಕ್ ಇರೋರಿಗೆ ಎರಡು ಮಾತು. ಆ್ಯಪಲ್ ಸ್ವಂತ ಚಿಪ್ ಇರೋ ಮ್ಯಾಕ್‌ನಲ್ಲಿ ಪವರ್ ಬಟನ್ ಒತ್ತಿ ಹಿಡಿದು ರಿಕವರಿಗೆ ಹೋಗಿ ಮ್ಯಾಕ್‌ಒಎಸ್ ರೀಇನ್‌ಸ್ಟಾಲ್ ಕೊಟ್ರೆ ನಿಮ್ಮ ಫೈಲ್ ಮುಟ್ಟದೇ ಸಿಸ್ಟಮ್ ಮಾತ್ರ ಹೊಸದಾಗತ್ತೆ. 2020ರ ಬಿಗ್ ಸರ್ ಅನ್ನೋ ಮ್ಯಾಕ್‌ಒಎಸ್ ವರ್ಶನ್‌ನಿಂದ ಸಿಸ್ಟಮ್ ಭಾಗಕ್ಕೆ ಸೀಲ್ ಹಾಕಿಟ್ಟಿರೋದ್ರಿಂದ ಅಲ್ಲಿನ ಫೈಲ್ ಕೆಡೋದೇ ಕಮ್ಮಿ, ಹಂಗಾಗಿ ಮ್ಯಾಕ್‌ನಲ್ಲಿ ಮೊದಲು ಹೊಸ ಯೂಸರ್ ಮಾಡಿ ನೋಡೋದೇ ಜಾಣತನ. ಲಿನಕ್ಸ್‌ನೋರು ಹೋಮ್ (ತಮ್ಮ ಫೈಲ್ ಎಲ್ಲಾ ಇರೋ ಫೋಲ್ಡರ್) ಬೇರೆ ಪಾರ್ಟಿಶನ್‌ನಲ್ಲಿ ಇಟ್ಕೊಂಡು ನಿಶ್ಚಿಂತೆಯಾಗಿ ರೀಇನ್‌ಸ್ಟಾಲ್ ಮಾಡ್ತಾರೆ, ಆದ್ರೆ ಆ ಹೋಮ್ ಒಳಗೆ ಚುಕ್ಕಿಯಿಂದ ಶುರುವಾಗೋ ಹಿಡನ್ ಫೋಲ್ಡರ್‌ಗಳಲ್ಲಿ ಹಳೇ ಸೆಟ್ಟಿಂಗ್ ಎಲ್ಲಾ ಕೂತಿರತ್ತೆ, ತೊಂದರೆ ವಾಪಸ್ ಬಂದ್ರೆ ಮೊದಲು ಅಲ್ಲಿ ನೋಡಿ.

ಹೊಸ ಸಿಸ್ಟಮ್ ಬಂದ ಖುಷಿಯಲ್ಲಿ ಎಲ್ಲರೂ ಮಾಡೋದು ಒಂದೇ, ಒಂದೇ ಸಂಜೆ 25 ಸಾಫ್ಟ್‌ವೇರ್ ಹಾಕೋದು. ಹಂಗೆ ಮಾಡಿದ್ರೆ ನಾಳೆ ತೊಂದರೆ ವಾಪಸ್ ಬಂದ್ರೆ ಯಾವುದರಿಂದ ಅಂತ ಗೊತ್ತಾಗಲ್ಲ, ಇಷ್ಟು ಕಷ್ಟಪಟ್ಟು ಸಿಕ್ಕ ಖಾಲಿ ಹಲಗೆ ಮತ್ತೆ ಗೀಚಿಹೋಯ್ತು. ಮೊದಲು ವಿಂಡೋಸ್ ಅಪ್‌ಡೇಟ್, ಆಮೇಲೆ ಡ್ರೈವರ್, ಆಮೇಲೆ ಒಂದೆರಡು ದಿನ ಬರೀ ಬ್ರೌಸರ್‌ನಲ್ಲಿ ಕೆಲಸ ಮಾಡಿ. ನಂತರ ದಿನಕ್ಕೆ ಎರಡೋ ಮೂರೋ ಸಾಫ್ಟ್‌ವೇರ್ ಹಾಕಿ, ಯಾವ ದಿನ ಯಾವುದು ಅಂತ ಒಂದು ನೋಟ್‌ನಲ್ಲಿ ಬರ್ಕೊಳ್ಳಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಮೆನು ಬರೋಕೆ 20 ಸೆಕೆಂಡ್ ತಗೊಳ್ತಿತ್ತು, ಎರಡು ಸಲ ಫಾರ್ಮ್ಯಾಟ್ ಮಾಡಿದ್ರೂ ವಾರದಲ್ಲಿ ವಾಪಸ್ ಬರ್ತಿತ್ತು. ಮೂರನೇ ಸಲ ಹಿಂಗೆ ಬರ್ಕೊಂಡು ಹಾಕಿದೆ. ನಾಲ್ಕನೇ ದಿನ ಒಂದು ಹಳೇ ಫೋಟೋ ಕನ್ವರ್ಟರ್ ಹಾಕಿದ ತಕ್ಷಣ ಮೆನು ಒದ್ದಾಡೋಕೆ ಶುರುವಾಯ್ತು, ತೆಗೆದ ತಕ್ಷಣ ನಿಂತುಹೋಯ್ತು. ಅದು ರೈಟ್ ಕ್ಲಿಕ್ ಮೆನುವಿನಲ್ಲಿ ತನ್ನ ಸಾಲು ಸೇರಿಸಿ, ಪ್ರತಿ ಸಲ ಎಲ್ಲೂ ಇಲ್ಲದ ನೆಟ್‌ವರ್ಕ್ ಫೋಲ್ಡರ್ ಒಂದನ್ನ ಹುಡುಕ್ತಾ ಕೂರ್ತಿತ್ತು.

ಆ ಡೆಸ್ಕ್‌ಟಾಪ್ ಕತೆ ಬಾಕಿ ಇದೆ. ಕೆಟ್ಟ ರ‍್ಯಾಮ್ ತೆಗೆದಿಟ್ಟ ಮೇಲೆ ಸುಮ್ನೆ ನೋಡೋಣ ಅಂತ ಮೇಜಿನ ಮೇಲಿದ್ದ ಅವನ ಹಳೇ ಡಿಸ್ಕನ್ನೇ ವಾಪಸ್ ಜೋಡಿಸಿ ಆನ್ ಮಾಡಿದ್ವಿ. ಡಿಸ್ಮ್, ಎಸ್‌ಎಫ್‌ಸಿ ಎರಡೂ ಓಡಿಸಿದ್ವಿ, ಕೆಲವು ಫೈಲ್ ಹಾಳಾಗಿತ್ತು, ಸರಿ ಮಾಡಿದೀನಿ ಅಂತು. ಸಾಯಂಕಾಲದ ತನಕ ಒಂದು ಸಲನೂ ಹ್ಯಾಂಗ್ ಆಗ್ಲಿಲ್ಲ, ಹೊಸ ಸ್ಟಿಕ್ ತಂದು ರಾತ್ರಿಯಿಡೀ ಟೆಸ್ಟ್ ಮಾಡಿದ್ಮೇಲೂ ಆಗ್ಲಿಲ್ಲ, ಇವತ್ತಿಗೂ ಅವನು ಅದೇ ಹಳೇ ಇನ್‌ಸ್ಟಾಲೇಶನ್‌ನಲ್ಲೇ ಕೆಲಸ ಮಾಡ್ತಿದಾನೆ. ಆದ್ರೆ ಆ ಎರಡು ತಿಂಗಳಲ್ಲಿ ಸೇವ್ ಮಾಡಿದ ಎಕ್ಸೆಲ್ ಫೈಲ್‌ಗಳಲ್ಲಿ ಎರಡು ತೆರೆಯಲೇ ಇಲ್ಲ, ಕೆಟ್ಟ ರ‍್ಯಾಮ್ ಮೂಲಕ ಹಾದು ಡಿಸ್ಕ್‌ಗೆ ಹೋಗುವಾಗಲೇ ಹಾಳಾಗಿದ್ವು. ಒಂದು ಅವನು ಯಾರಿಗೋ ಮೇಲ್ ಮಾಡಿದ್ರಿಂದ ಸೆಂಟ್ ಫೋಲ್ಡರ್‌ನಲ್ಲಿ ಸಿಕ್ತು. ಇನ್ನೊಂದನ್ನ ಕೂತ್ಕೊಂಡು ಮೊದಲಿಂದ ಟೈಪ್ ಮಾಡಿದ.